ಕೇಳಿದರೆ ಕೊಡುವ ಕೈ

ಬೀದರ
೪ ಆಗಸ್ಟ್ ೨೦೨೪, ಭಾನುವಾರ

ಹೆಲೆನ ಸಿಸ್ಟರ್ ಅವರಿಗೆ ಜೈ ಭೀಮ.

ನಾನು ಪ್ರಣಾಲಿ. ಠಾಣಾ ಕುಶನೂರಿನ ಪೋಸ್ಟ್ ಮಾಸ್ಟರ್ ಮಾಣಿಕ ಅವರ ಮಗಳು. ಮೂರು ವರ್ಷದ ಹಿಂದೆ ನೀವು ಭಾಲ್ಕಿಯ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ಸಿಸ್ಟರ್ ಆಗಿದ್ದಾಗ ಹೊಸ ಡಾಕ್ಟರಾಗಿ ಬಂದು, ಕೈ ತೊಳೆಯುವುದನ್ನು ಮೂರು ಸಲ ತಪ್ಪು ಮಾಡಿ, ಮೂರು ಸಲವೂ ನಿಮ್ಮಿಂದ ಬೈಸಿಕೊಂಡವಳು. ಇಷ್ಟು ಹೇಳಿದರೆ ನೆನಪಾದೀತು. ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೆ ಈ ಕಾಗದ. ಇನ್ನೊಬ್ಬರಿಗೆ ಹೇಳಲಾಗದ ಮಾತು ಇದೆ.

ಈಗ ನಾನು ಬೀದರಿನಲ್ಲಿ ಶಸ್ತ್ರಚಿಕಿತ್ಸೆ ಕಲಿಯುವ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಮುಖ್ಯಸ್ಥರು ಡಾ. ರಶೀದ ಅಹ್ಮದ. ಕಣ್ಣು ಮುಚ್ಚಿಕೊಂಡು ಆಪರೇಷನ್ನನ್ನು ಮನಸ್ಸಿನಲ್ಲಿ ನೋಡುತ್ತ ಕೂತರೆ ಕೈ ಎಷ್ಟು ಕಲಿಯುತ್ತದೆ, ಆ ಹೊತ್ತಿನಲ್ಲಿ ಮೆದುಳಿನಲ್ಲಿ ಏನಾಗುತ್ತದೆ ಎಂದು ಅವರು ಪರೀಕ್ಷೆ ನಡೆಸುತ್ತಿದ್ದಾರೆ. ನಾವು ಹದಿನಾರು ಜನ. ಮೊದಲ ದಿನ ಒಂದು ಫಾರ್ಮ್ ಕೊಟ್ಟರು. ‘ಕಣ್ಣು ಮುಚ್ಚಿ ಸೂರ್ಯೋದಯ ನೋಡಿ. ಪ್ರೀತಿಯವರ ಮುಖ ನೋಡಿ. ದಾರದ ಗಂಟು ನೋಡಿ. ಎಷ್ಟು ಸ್ಪಷ್ಟವಾಗಿ ಕಂಡಿತು? ಒಂದರಿಂದ (ಏನೂ ಕಾಣಲಿಲ್ಲ) ಏಳರ (ನಿಜವಾಗಿ ಕಂಡಂತೆ) ತನಕ ಅಂಕ ಬರೆಯಿರಿ.’

ಸಿಸ್ಟರ್, ನನಗೆ ಏನೂ ಕಾಣಲಿಲ್ಲ. ಬರೀ ಕತ್ತಲೆ. ನಮ್ಮ ಅವ್ವನ ಎಡಹುಬ್ಬಿನ ಮೇಲೆ ಮಚ್ಚೆ ಇದೆ ಎಂದು ಗೊತ್ತು, ಆದರೆ ಕಣ್ಣು ಮುಚ್ಚಿದರೆ ಮಚ್ಚೆಯೂ ಇಲ್ಲ, ಹುಬ್ಬೂ ಇಲ್ಲ, ಅವ್ವನೂ ಇಲ್ಲ. ‘ಕಣ್ಣ ಮುಂದೆ ಬಂದಂತಾಯಿತು’ ಎಂದು ಜನ ಅನ್ನುವುದು ಬರೀ ಮಾತಿನ ರೂಢಿ ಎಂದೇ ಇಪ್ಪತ್ತೇಳು ವರ್ಷ ತಿಳಿದಿದ್ದೆ. ಪಕ್ಕದಲ್ಲಿ ಕೂತಿದ್ದ ನಾಗಸೇನ ಅವನ ಅಜ್ಜಿಯ ಮೂಗುತಿ ಮಸುಕಾಗಿಯಾದರೂ ಕಾಣುತ್ತದೆ, ನಾಲ್ಕು ಬರೆದೆ ಎಂದ. ಎಲ್ಲರಿಗೂ ಕಾಣುತ್ತದಂತೆ!

ಪ್ರತಿ ಪ್ರಶ್ನೆಗೂ ಏಳು ಎಂದು ಬರೆದು ಕೊಟ್ಟೆ.

ಯಾಕೆ ಬರೆದೆ ಎಂದರೆ, ನಮ್ಮ ಅಪ್ಪ ಮೂವತ್ತು ವರ್ಷ ಊರವರ ಫಾರ್ಮು ತುಂಬಿಕೊಟ್ಟವರು. ನಾನು ಮೆಡಿಕಲ್ ಸೇರುವ ದಿನ ಒಂದೇ ಬುದ್ಧಿ ಹೇಳಿದ್ದರು: “ಯಾವ ಖಾನಿನೂ ಖಾಲಿ ಬಿಡಬ್ಯಾಡ ಮಗಳ, ಕಮ್ಮಿನೂ ಬರಿಬ್ಯಾಡ. ನಮಗ ಬರಂಗಿಲ್ಲ ಅಂತ ನಾವು ಬರದ್ರ, ಯಾಕ ಬರಂಗಿಲ್ಲ ಅಂತ ಅವ್ರು ಬರೀತಾರ.” ಅವರು ಏನು ಬರೆಯುತ್ತಾರೆ, ಜಾತಿ ಹಿಡಿದು ಏನು ಅನ್ನುತ್ತಾರೆ ಎಂಬುದನ್ನು ನಾನು ಹಾಸ್ಟೆಲ್ಲಿನಲ್ಲಿ ಐದು ವರ್ಷ ಕೇಳಿದ್ದೇನೆ. ಹಾಗಾಗಿ ಪೆನ್ನು ತಾನಾಗಿಯೇ ಏಳು ಬರೆಯಿತು.

ಈಗ ಅದರ ಫಲ ನೋಡಿರಿ. ಹೆಚ್ಚು ಅಂಕ ಬರೆದ ಎಂಟು ಜನರನ್ನು ಬೇರೆ ಮಾಡಿದ್ದಾರೆ. ನಮಗೆ ಹನ್ನೆರಡು ವಾರ ರಬ್ಬರ್ ತುಂಡೂ ಇಲ್ಲ, ದಾರವೂ ಇಲ್ಲ. ತಲೆಗೆ ವೈರಿನ ಟೋಪಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವುದಷ್ಟೇ ಕೆಲಸ. ಉಳಿದ ಎಂಟು ಜನ ದಿನಾ ಕೈಯಿಂದ ಗಂಟು ಹಾಕಿ ಕಲಿಯುತ್ತಾರೆ. ಕೊನೆಗೆ ಎಲ್ಲರಿಗೂ ಪರೀಕ್ಷೆ. ಅದರಲ್ಲಿ ಮುಂದೆ ಬಂದವರಿಗೆ ಮೊದಲ ಸಲ ಒಂದು ಅಪೆಂಡಿಕ್ಸ್ ಆಪರೇಷನ್ ಸ್ವಂತವಾಗಿ ಮಾಡಲು ಕೊಡುತ್ತಾರೆ.

“ಈಗ ಗಾಯ ನೋಡಿ, ಈಗ ಸೂಜಿ ನೋಡಿ” ಎಂದು ಕಿವಿಯಲ್ಲಿ ರೆಕಾರ್ಡು ಹೇಳುತ್ತದೆ. ನಾನು ಕತ್ತಲೆ ನೋಡುತ್ತ ಇಪ್ಪತ್ತು ನಿಮಿಷ ಕೂತು ಎದ್ದು ಬರುತ್ತೇನೆ. ರೂಮಿನ ಕುರ್ಚಿಗೆ ದಾರ ಕಟ್ಟಿ ಗುಟ್ಟಾಗಿ ಕಲಿಯಬಹುದಿತ್ತು. ಹಾಗೆ ಮಾಡುವುದಿಲ್ಲ ಎಂದು ಸಹಿ ಮಾಡಿದ್ದೇನೆ, ಎರಡನೇ ಸುಳ್ಳಿಗೆ ಧೈರ್ಯ ಬರುತ್ತಿಲ್ಲ. ಮನಸ್ಸಿನಲ್ಲಿ ನೋಡಲಾರದವಳು ಸರ್ಜನ್ ಆಗಬಹುದೇ, ಇಲ್ಲವೇ? ನನಗೆ ಹೆದರಿಕೆಯಾಗಿದೆ.

ನಿಮ್ಮ
ಪ್ರಣಾಲಿ


ಭಾಲ್ಕಿ
೧೩ ಆಗಸ್ಟ್ ೨೦೨೪

ಮಗಳು ಪ್ರಣಾಲಿಗೆ, ಕರ್ತನು ನಿನ್ನನ್ನು ಕಾಯಲಿ.

ಮೂರು ಸಲ ಅಲ್ಲ, ನಾಲ್ಕು ಸಲ. ನಾಲ್ಕನೆಯ ಸಲ ಮೊಣಕೈ ಮರೆತಿದ್ದೆ.

ನನ್ನ ಕನ್ನಡಕ ಒಡೆದಿದೆ. ಅದಕ್ಕೆ ನನ್ನ ಅಕ್ಕನ ಮೊಮ್ಮಗಳು ಸುಜಿ ಬರೆಯುತ್ತಿದ್ದಾಳೆ. ಪಿಯುಸಿ ಓದುವ ಹುಡುಗಿ, ಅಕ್ಷರ ದುಂಡಗಿದೆ, ಬಾಯಿ ನನ್ನದಕ್ಕಿಂತ ಜೋರಾಗಿದೆ. ಫೋನ್ ನನಗೆ ಆಗಿಬರುವುದಿಲ್ಲ. ಫೋನಿನಲ್ಲಿ ನೀನು “ಹೌದ್ರಿ ಸಿಸ್ಟರ್, ಆಯ್ತ್ರಿ ಸಿಸ್ಟರ್” ಅನ್ನುತ್ತೀ, ನಾನು ನಂಬಬೇಕಾಗುತ್ತದೆ. ಕಾಗದ ಬರೆ.

ಕಾಣುವುದಿಲ್ಲ ಎಂದು ಅಳುತ್ತ ಕೂರಬೇಡ. ಮೂವತ್ತನಾಲ್ಕು ವರ್ಷ ಸರ್ಜನ್ನರ ಎದುರು ನಿಂತಿದ್ದೇನೆ. ಅವರ ಕಣ್ಣೊಳಗೆ ಏನು ಕಾಣುತ್ತಿತ್ತೋ ನನಗೆ ಗೊತ್ತಿಲ್ಲ, ಕೈ ಮಾತ್ರ ಗೊತ್ತು. ಕೆಲವರ ಕೈ ಕೆಲಸಕ್ಕಿಂತ ಮೊದಲೇ ಕೆಲಸ ಮಾಡಿ ಮುಗಿಸಿರುತ್ತದೆ. ಕೆಲವರದು ಕೊನೆಯ ಹೊಲಿಗೆಯ ತನಕ ದಾರಿ ಹುಡುಕುತ್ತಿರುತ್ತದೆ. ನಿನ್ನದು ಯಾವುದು ಎಂದು ನೋಡೋಣ.

ಒಂದು ಕೆಲಸ ಹೇಳುತ್ತೇನೆ. ಪುಸ್ತಕ ತೆರೆಯದೆ, ಒಂದು ಅಪೆಂಡಿಕ್ಸ್ ಆಪರೇಷನ್ನನ್ನು ಮೊದಲಿನಿಂದ ಕೊನೆಯ ತನಕ ಕಾಗದದಲ್ಲಿ ಮಾಡಿ ಕಳಿಸು. ನಾನೇ ಸಿಸ್ಟರ್ ಎಂದು ತಿಳಿದು ಮಾಡು. ಏನೂ ನೋಡಬೇಡ, ಕೈಯಿಂದ ಮಾಡು. ಅವಸರ ಬೇಡ, ಆದರೆ ಬಹಳ ತಡವೂ ಮಾಡಬೇಡ. ನಾನು ಕಾಯುತ್ತಿರುತ್ತೇನೆ.

ಏಳು ಬರೆದ ವಿಷಯ ಆಮೇಲೆ ಮಾತಾಡೋಣ. ನಿನ್ನ ಅಪ್ಪ ಹೇಳಿದ ಮಾತು ಸುಳ್ಳಲ್ಲ. ನಿನಗೆ ಸುಳ್ಳು ಹೇಳು ಎಂದೂ ಅವರು ಹೇಳಿರಲಿಲ್ಲ.

ಹೆಲೆನ
(ಸುಜಿಯ ಕೈಬರಹ)


ಬೀದರ
೨೫ ಆಗಸ್ಟ್ ೨೦೨೪

ಸಿಸ್ಟರ್ ಅವರಿಗೆ,

ನೀವು ಹೇಳಿದಂತೆ ಮಾಡಿದ್ದೇನೆ. ಪುಸ್ತಕ ತೆರೆಯಲಿಲ್ಲ.

ರೋಗಿಯನ್ನು ಅಂಗಾತ ಮಲಗಿಸಲಾಗುತ್ತದೆ. ಹೊಟ್ಟೆಯ ಬಲಭಾಗದ ಕೆಳಗೆ ಚರ್ಮ ಕತ್ತರಿಸಲಾಗುತ್ತದೆ. ಕೊಬ್ಬಿನ ಪದರ ದಾಟಿ, ಸ್ನಾಯುಗಳನ್ನು ಕತ್ತರಿಸದೆ ಎಳೆ ಹಿಡಿದು ಬಿಡಿಸಲಾಗುತ್ತದೆ. ಒಳಪೊರೆಯನ್ನು ಎತ್ತಿ ತೆರೆಯಲಾಗುತ್ತದೆ. ದೊಡ್ಡ ಕರುಳಿನ ಮೊದಲ ಭಾಗ ಗುರುತಿಸಿ, ಅದರ ಬುಡದಲ್ಲಿ ಅಪೆಂಡಿಕ್ಸ್ ಹುಡುಕಿ, ರಕ್ತನಾಳ ಕಟ್ಟಿ, ಬುಡ ಕಟ್ಟಿ, ಕತ್ತರಿಸಿ ತೆಗೆಯಲಾಗುತ್ತದೆ. ಪದರ ಪದರವಾಗಿ ಮುಚ್ಚಲಾಗುತ್ತದೆ.

ಇಷ್ಟೇ ಬಂತು. ಬರೆದ ಮೇಲೆ ಓದಿದರೆ ಪರೀಕ್ಷೆಯ ಉತ್ತರದ ಹಾಗಿದೆ ಎಂದು ನನಗೇ ಗೊತ್ತಾಗುತ್ತದೆ. ಹರಿದು ಹಾಕಬೇಕೆಂದಿದ್ದೆ. ನೀವು ಕಾಯುತ್ತೇನೆ ಎಂದಿದ್ದಿರಿ, ಅದಕ್ಕೆ ಕಳಿಸುತ್ತಿದ್ದೇನೆ.

ಟೋಪಿ ಹಾಕಿಕೊಂಡು ಕೂರುವುದು ಹಾಗೇ ನಡೆದಿದೆ. ಟೋಪಿಯಲ್ಲಿ ಸಣ್ಣ ಸಣ್ಣ ದೀಪಗಳಿವೆ. ತಲೆಯೊಳಗೆ ಯಾವ ಭಾಗಕ್ಕೆ ಹೆಚ್ಚು ರಕ್ತ ಹರಿಯುತ್ತದೋ ಅದು ಕಂಪ್ಯೂಟರಿನಲ್ಲಿ ಕೆಂಪಾಗಿ ತೋರುತ್ತದೆ. ನನ್ನದು ಬೂದು ಬಣ್ಣ ಬಿಟ್ಟು ಅಲುಗಾಡಿಲ್ಲ. “ಇನ್ನೂ ಹೊಸದು, ಆಗ್ತದ” ಎಂದು ರಶೀದ ಸರ್ ಸಮಾಧಾನ ಹೇಳುತ್ತಾರೆ. ಅವರು ಒಳ್ಳೆಯವರು. ಅವರು ಒಳ್ಳೆಯವರಾಗಿರುವುದೇ ನನಗೆ ಕಷ್ಟವಾಗಿದೆ.

ಪ್ರಣಾಲಿ


ಭಾಲ್ಕಿ
೩ ಸೆಪ್ಟೆಂಬರ್ ೨೦೨೪

ಪ್ರಣಾಲಿ,

ಮಲಗಿಸಲಾಗುತ್ತದೆ, ಕತ್ತರಿಸಲಾಗುತ್ತದೆ, ತೆಗೆಯಲಾಗುತ್ತದೆ. ಯಾರು ಮಾಡಿದರಮ್ಮ ಇದನ್ನೆಲ್ಲ? ದೆವ್ವ ಬಂದು ಮಾಡಿ ಹೋಯಿತೇ? ಸುಜಿ ಓದುತ್ತ ಓದುತ್ತ ಆಕಳಿಸಿದಳು. (ಆಕಳಿಸಿದ್ದು ನಿಜ. — ಸುಜಿ)

ನಾನು ಎದುರು ನಿಂತೇ ಇದ್ದೆ. ನೀನು ನೈಫ್ ಕೇಳಲಿಲ್ಲ. ಕೇಳದೆ ನಿನ್ನ ಕೈಗೆ ಅದು ಹೇಗೆ ಬಂತು? ಆರ್ಟರಿ ಚಿಮಟ ಕೇಳಲಿಲ್ಲ. ದಾರ ಕೇಳಲಿಲ್ಲ, ಆದರೂ ರಕ್ತನಾಳ ಕಟ್ಟಿಬಿಟ್ಟೆ. ಇಡೀ ಆಪರೇಷನ್ ಮುಗಿಯುವ ತನಕ ನಾನು ಖಾಲಿ ಕೈಯಲ್ಲಿ ಕಂಬದ ಹಾಗೆ ನಿಂತಿದ್ದೆ. ನನಗೆ ಬಹಳ ಬೇಜಾರಾಯಿತು. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಇನ್ನೊಂದು. ನಿನ್ನ ಎಡಗೈ ಎಲ್ಲಿದೆ? ಬಲಗೈ ಕೆಲಸ ಮಾಡುವಾಗ ಎಡಗೈ ಕಿಸೆಯಲ್ಲಿತ್ತೇ? ಎಡಗೈ ಸರಿಯಾಗಿ ಹಿಡಿದರೆ ಮಾತ್ರ ಬಲಗೈ ಸರಿಯಾಗಿ ಕತ್ತರಿಸುತ್ತದೆ. ರೋಗಿಗೆ ಹೆಸರಿಲ್ಲ, ಗಂಡೋ ಹೆಣ್ಣೋ ತಿಳಿಯದು. ಮುಚ್ಚುವ ಮೊದಲು ಒಳಗೆ ಇಟ್ಟ ಬಟ್ಟೆಗಳನ್ನು ಎಣಿಸಲಿಲ್ಲ. ನನ್ನ ಥಿಯೇಟರಿನಲ್ಲಿ ಹೀಗೆ ಮಾಡಿದ್ದರೆ ನಿನ್ನನ್ನು ಗೌನ್ ಸಮೇತ ಹೊರಗೆ ಕಳಿಸುತ್ತಿದ್ದೆ.

ಈ ಸಲ ಇಡೀ ಆಪರೇಷನ್ ಬೇಡ. ಒಂದು ಗಂಟು ಮಾತ್ರ ಹಾಕಿ ಕಳಿಸು. ಒಂದೇ ಗಂಟು. ಎರಡೂ ಕೈ ಇರಲಿ. ದಾರ ಬೇಕಾದಾಗ ನನ್ನನ್ನು ಕೇಳು. ಕೇಳಿದರೆ ಕೊಡುತ್ತೇನೆ.

ಹೆಲೆನ
(ಸುಜಿಯ ಕೈಬರಹ)


ಬೀದರ
೨೨ ಸೆಪ್ಟೆಂಬರ್ ೨೦೨೪

ಸಿಸ್ಟರ್ ಅವರಿಗೆ,

ಒಂದು ಗಂಟಿಗೆ ಹದಿನೈದು ದಿನ ಬೇಕಾಯಿತು. ನಗಬೇಡಿರಿ.

ಸಿಸ್ಟರ್, ದಾರ.

ದಾರ ಅಂಗೈಗೆ ಬಿತ್ತು. ಒದ್ದೆಯಾಗಿದೆ, ಗ್ಲೌಸಿಗೆ ಸ್ವಲ್ಪ ಅಂಟುತ್ತಿದೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ತುದಿ. ಅದು ಎಳೆಯುವುದಿಲ್ಲ, ಸುಮ್ಮನೆ ಹಿಡಿದು ನಿಲ್ಲುತ್ತದೆ. ಬಲಗೈಯ ನಡುಬೆರಳು ದಾರದ ಕೆಳಗೆ ಹೋಗಿ, ಉಗುರಿನ ಹಿಂಬದಿಯಿಂದ ಅದನ್ನು ಈಚೆ ತರುತ್ತದೆ. ತೋರುಬೆರಳಿನ ತುದಿಯಿಂದ ಗಂಟನ್ನು ಒತ್ತುತ್ತ ಕೆಳಗೆ ಒಯ್ಯುತ್ತೇನೆ. ನಡುವೆ ಒಂದು ಜಾಗದಲ್ಲಿ ದಾರ ಬಿಗಿಯಾಗಿ ‘ಸಾಕು’ ಎಂದು ಹೇಳುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ.

ಆ ‘ಸಾಕು’ ನನಗೆ ಎಲ್ಲಿಂದ ಬಂತು ಗೊತ್ತೇ? ಕುಶನೂರಿನ ಹೊಲದಿಂದ. ಜೋಳ ಕಿತ್ತ ಮೇಲೆ ಅವ್ವ ಮತ್ತು ನಾನು ಕಣಿಕೆಯ, ಎಂದರೆ ಉಳಿದ ದಂಟಿನ, ಪೆಂಡಿ ಕಟ್ಟುತ್ತಿದ್ದೆವು. ಕಟ್ಟುವುದಕ್ಕೆ ಹಗ್ಗ ಇಲ್ಲ, ಅದೇ ಜೋಳದ ದಂಟನ್ನು ತಿರುವಿ ಕಟ್ಟಬೇಕು. ಸಡಿಲ ಬಿಟ್ಟರೆ ಪೆಂಡಿ ಬಿಚ್ಚುತ್ತದೆ, ಜಗ್ಗಿದರೆ ದಂಟು ಮುರಿಯುತ್ತದೆ. “ಕಣ್ಣಿಗಿ ಏನ್ ಕೇಳ್ತಿ, ಬಳ್ಳಿಗಿ ಕೇಳು” ಎನ್ನುತ್ತಿದ್ದಳು ಅವ್ವ. ಬಳ್ಳು ಎಂದರೆ ನಮ್ಮ ಕಡೆ ಬೆರಳು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಕಲಿತದ್ದು. ಕಣ್ಣು ಮುಚ್ಚಿದರೆ ಈಗಲೂ ಪೆಂಡಿ ಕಾಣುವುದಿಲ್ಲ, ಹೊಲ ಕಾಣುವುದಿಲ್ಲ, ಆದರೆ ಎರಡೂ ಅಂಗೈಯಲ್ಲಿ ಆ ದಂಟು ಇದೆ, ಸಿಸ್ಟರ್! ನನಗೆ ಎಷ್ಟು ಖುಷಿಯಾಯಿತೆಂದರೆ ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಒಬ್ಬಳೇ ನಕ್ಕೆ.

ಮರುದಿನ ಟೋಪಿ ಹಾಕಿಕೊಂಡು ರೆಕಾರ್ಡಿನ ‘ನೋಡಿ ನೋಡಿ’ ಎಂಬ ಮಾತನ್ನು ಬಿಟ್ಟುಬಿಟ್ಟೆ. ನಿಮ್ಮನ್ನು ದಾರ ಕೇಳಿದೆ, ಗಂಟು ಹಾಕಿದೆ. ಎದ್ದಾಗ ಕಂಪ್ಯೂಟರಿನಲ್ಲಿ ನೆತ್ತಿಯ ಎಡಕ್ಕೊಂದು, ಬಲಕ್ಕೊಂದು ಜಾಗ ಕೆಂಪಾಗಿತ್ತು. ಕೈ ನಿಜವಾಗಿ ಆಡುವಾಗ ಕೆಲಸ ಮಾಡುವ ಭಾಗ ಅದು. ನನ್ನ ಕೈಗಳು ತೊಡೆಯ ಮೇಲೆ ಸುಮ್ಮನೆ ಇದ್ದವು.

ಖುಷಿ ಅಲ್ಲಿಗೇ ಮುಗಿಯಿತು. ರಶೀದ ಸರ್ ಆ ಚಿತ್ರವನ್ನು ಎಲ್ಲರಿಗೂ ತೋರಿಸಿದರು. “ನೋಡ್ರಿ, ಫಾರ್ಮಿನ್ಯಾಗ ಪೂರಾ ಏಳು ಬರದಾಕಿ ಈಕಿ. ಎಷ್ಟ ಸಾಫ್ ಕಾಣ್ತದೋ ಅಷ್ಟ ಕೆಂಪಾಗ್ತದ” ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಈ ಮಾತನ್ನು ಅವರು ಬರಹದಲ್ಲಿ ಹಾಕುತ್ತಾರೆ. ಅದನ್ನು ಓದಿ ಇನ್ನೆಲ್ಲೋ ಒಬ್ಬ ಮೇಷ್ಟ್ರು, ಕಾಣದ ಹುಡುಗಿಯೊಬ್ಬಳಿಗೆ ‘ನಿನಗೆ ಸರ್ಜರಿ ಬರುವುದಿಲ್ಲ’ ಎಂದು ಹೇಳಬಹುದು. ನಾನು ಬರೆದ ಏಳರಿಂದ.

ಹೇಳಿದರೆ ಪರೀಕ್ಷೆಯಿಂದ ತೆಗೆಯುತ್ತಾರೆ, ಆಪರೇಷನ್ನೂ ಹೋಗುತ್ತದೆ. ಹಾಸ್ಟೆಲ್ಲಿನಲ್ಲಿ ಏನೇನು ಮಾತು ಬರುತ್ತದೆ ಎಂಬುದು ಬೇರೆ. ಏನು ಮಾಡಲಿ?

ಪ್ರಣಾಲಿ


ಭಾಲ್ಕಿ
೬ ಅಕ್ಟೋಬರ್ ೨೦೨೪

ಪ್ರಣಾಲಿ,

ಗಂಟು ಚೆನ್ನಾಗಿದೆ. ಸುಜಿಯಿಂದ ನಾಲ್ಕು ಸಲ ಓದಿಸಿಕೊಂಡೆ. ‘ಸಿಸ್ಟರ್, ದಾರ’ ಎಂಬಲ್ಲಿಗೆ ಬಂದಾಗಲೆಲ್ಲ ನಿಲ್ಲಿಸು ಎಂದು ಹೇಳಿ, ಆಮೇಲೆ ಮುಂದೆ ಓದಿಸಿದೆ. ಯಾಕೆಂದು ಅವಳು ಕೇಳಿದಳು. ಮುದುಕಿಯ ಹುಚ್ಚು ಎಂದೆ.

ಏನು ಮಾಡಲಿ ಎಂದು ಕೇಳಿದ್ದೀ. ನನಗೆ ಆದದ್ದು ಹೇಳುತ್ತೇನೆ. ತೊಂಬತ್ತೊಂದನೆಯ ಇಸವಿ, ಆಗ ನಾನು ಬೇರೆ ಊರಿನ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ದೊಡ್ಡ ಆಪರೇಷನ್. ಡಾಕ್ಟರ್ ಮುಚ್ಚಲು ಸೂಜಿ ಕೇಳಿದರು. ನಾನು ಬಟ್ಟೆ ಎಣಿಸಿದೆ, ಒಂದು ಕಡಿಮೆ. ಇನ್ನೊಮ್ಮೆ ಎಣಿಸಿದೆ, ಒಂದು ಕಡಿಮೆ. “ಎಣಿಸಲಿಕ್ಕಿ ಬರಂಗಿಲ್ಲೇನ್ ನಿನಗ? ಸೂಜಿ ಕೊಡು” ಎಂದು ಎಲ್ಲರ ಮುಂದೆ ಕೂಗಾಡಿದರು. ನನಗೆ ಕೆಲಸಕ್ಕೆ ಸೇರಿ ಒಂದೇ ವರ್ಷ. ಮನೆಯಲ್ಲಿ ಗಳಿಸುವವಳು ನಾನೊಬ್ಬಳೇ. ಸೂಜಿ ಕೊಟ್ಟುಬಿಡೋಣ ಎಂದು ಕೈ ಮುಂದೆ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡೆ. “ಒಂದು ಕಡಿಮಿ ಅದರಿ, ಸಿಗೋ ತನಕ ಕೊಡಂಗಿಲ್ರಿ” ಎಂದೆ. ಬಟ್ಟೆ ಯಕೃತ್ತಿನ ಹಿಂದೆ ಇತ್ತು.

ಡಾಕ್ಟರ್ ಆಮೇಲೆ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆ ರೋಗಿ ಮಾತ್ರ ಆಮೇಲೆ ಎರಡು ಮಕ್ಕಳನ್ನು ಹೆತ್ತಳು.

ಲೆಕ್ಕ ತಪ್ಪಿದೆ ಎಂದು ಹೇಳಲು ಹೊಟ್ಟೆ ಮುಚ್ಚುವ ತನಕ ಸಮಯ ಇರುತ್ತದೆ. ನಿಮ್ಮ ರಶೀದ ಸಾಹೇಬರು ಇನ್ನೂ ಮುಚ್ಚಿಲ್ಲ. ನಾನು ಹೇಳು ಎಂದು ಹೇಳುವುದಿಲ್ಲ, ಬಿಡು ಎಂದೂ ಹೇಳುವುದಿಲ್ಲ. ಇದನ್ನು ಹೇಳುವಾಗ ನನ್ನ ಬಾಯಿಯೇ ಸ್ವಲ್ಪ ತಡವರಿಸಿತು. ಇನ್ನೊಬ್ಬರಿಗೆ ಉಪದೇಶ ಮಾಡುವುದು ಸುಲಭ.

ಮುಂದಿನ ಕಾಗದದಲ್ಲಿ ಇನ್ನೂ ಎರಡು ಗಂಟು ಕಳಿಸು. ಚಿಮಟವನ್ನೂ ಕೇಳು.

ಹೆಲೆನ
(ಸುಜಿಯ ಕೈಬರಹ)


ಬೀದರ
೨೭ ಅಕ್ಟೋಬರ್ ೨೦೨೪

ಸಿಸ್ಟರ್ ಅವರಿಗೆ,

ಪರೀಕ್ಷೆ ಮೊನ್ನೆ ಮುಗಿಯಿತು. ಹದಿನಾರು ಜನರಲ್ಲಿ ನಾನು ಎರಡನೆಯವಳು. ನಾಗಸೇನ ಮೊದಲು. ಅವನು ಮೂರು ತಿಂಗಳು ದಿನಾ ದಾರ ಹಿಡಿದವನು, ನಾನು ಮೂರು ತಿಂಗಳು ದಾರ ಮುಟ್ಟದವಳು. ಗಂಟಿನ ಬಿಗಿಯಲ್ಲಿ ನನಗೇ ಹೆಚ್ಚು ಅಂಕ. “ಎರಡು ಗುಂಪಿಗೂ ಒಂದೊಂದು ಕೇಸ್ ಕೊಡ್ತೇನಿ. ಕಣ್ಣು ಮುಚ್ಚಿ ಕಲ್ತ ಗುಂಪಿನ ಕೇಸ್ ಪ್ರಣಾಲಿದು” ಎಂದರು ಸರ್. ಎಲ್ಲರೂ ಚಪ್ಪಾಳೆ ತಟ್ಟಿದರು.

ಅರ್ಧ ಗಂಟೆ ವರಾಂಡದಲ್ಲಿ ತಿರುಗಾಡಿ ಅವರ ಕೋಣೆಗೆ ಹೋದೆ.

“ಸರ್, ಒಂದು ಲೆಕ್ಕ ತಪ್ಪ್ಯಾದರಿ” ಎಂದೆ. ನಿಮ್ಮ ಮಾತೇ ಬಾಯಿಗೆ ಬಂತು. “ನನಗ ಏನೂ ಕಾಣಂಗಿಲ್ರಿ. ಮೊದಲಿಂದನೂ ಕಂಡಿಲ್ಲ. ಫಾರ್ಮಿನ್ಯಾಗ ನಾ ಸುಳ್ಳು ಬರದೇನ್ರಿ.”

ಅವರು ಪೆನ್ನು ಕೆಳಗಿಟ್ಟರು.

“ಏಳು ಯಾಕ ಬರದಿ?”

ಅಪ್ಪನ ಮಾತನ್ನು ಹಾಗೇ ಹೇಳಿದೆ. ಹೇಳಬಾರದೆಂದಿದ್ದೆ, ಹೇಳಿಬಿಟ್ಟೆ. ಅವರು ಕಿಟಕಿಯ ಕಡೆ ತಿರುಗಿ, “ನಮ್ಮ ಅಬ್ಬಾನೂ ಬ್ಯಾರೆ ಮಾತಿನ್ಯಾಗ ಇದೇ ಹೇಳಿದ್ರು ಬೇಟಾ” ಎಂದರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ದನಿ ಬೇರೆಯಾಗಿತ್ತು. “ಆದ್ರ ನಾ ಇದನ್ನ ಮಾಫ್ ಮಾಡಂಗಿಲ್ಲ. ನಿನ್ನ ನಂಬರ್ ತಗೀತೇನಿ. ಕೇಸ್ ನಿನಗಿಲ್ಲ.”

“ಆಯ್ತ್ರಿ.”

“ಕಾಣಂಗಿಲ್ಲಂದ್ರ ಟೋಪಿ ಹ್ಯಾಂಗ ಕೆಂಪಾಯ್ತು?”

ನಿಮ್ಮ ಕಾಗದಗಳ ಬಗ್ಗೆ ಹೇಳಿದೆ. ದಾರ ಕೇಳುವುದು, ಎಡಗೈ, ಕಣಿಕೆಯ ಪೆಂಡಿ, ಎಲ್ಲ. ಕೇಳುತ್ತ ಕೇಳುತ್ತ ಅವರು ತಮ್ಮ ಫಾರ್ಮನ್ನು ತೆಗೆದು ಓದಿದರು. “ಹದಿನೆಂಟು ಪ್ರಶ್ನಿ ಅವ. ಎಲ್ಲಾ ಕಣ್ಣಿಂದೇ ಕೇಳೇನಿ. ಕೈಗಿ ಏನ್ ಗೊತ್ತಾಗ್ತದ ಅಂತ ಒಂದೂ ಕೇಳಿಲ್ಲ” ಎಂದು ತಮಗೆ ತಾವೇ ಹೇಳಿಕೊಂಡರು. ಹೊಸ ಫಾರ್ಮ್ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರಂತೆ. ಒಂದು ವರ್ಷದ ಕೆಲಸ ನನ್ನಿಂದ ಹಾಳಾಯಿತು. ಹೊರಗೆ ಬರುವಾಗ, “ನಿನ್ನ ಪಾಳಿ ಬರ್ತದ. ಯಾವಾಗಂತ ಕೇಳಬ್ಯಾಡ” ಎಂದರು.

ಲಿನನ್ ರೂಮಿಗೆ ಹೋಗಿ ಹಸಿರು ಬಟ್ಟೆಗಳ ನಡುವೆ ಅತ್ತೆ. ಆಪರೇಷನ್ ಹೋಯಿತೆಂಬ ದುಃಖ ಇತ್ತು, ಹಗುರವೂ ಇತ್ತು. ಅಪ್ಪನಿಗೂ ಫೋನ್ ಮಾಡಿ ಹೇಳಿದೆ. ಅವರು, “ಒಂದು ಅಂತ ಬರದಿದ್ರ ಏನಾಗ್ತಿತ್ತೋ ನನಗ ಗೊತ್ತಿಲ್ಲವ್ವ. ಈಗ ನೀ ಹೇಳಿದ್ದು ಚೊಲೊ ಆಯ್ತು” ಎಂದರು. ಅಪ್ಪ ತಮಗೆ ಗೊತ್ತಿಲ್ಲ ಎಂದು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ.

ಈ ಸಲ ಗಂಟು ಕಳಿಸುತ್ತಿಲ್ಲ, ಕ್ಷಮಿಸಿರಿ. ಕೈ ಎರಡೂ ಸುಸ್ತಾಗಿವೆ.

ಪ್ರಣಾಲಿ


ಬೀದರ
೨೪ ನವೆಂಬರ್ ೨೦೨೪

ಸಿಸ್ಟರ್ ಅವರಿಗೆ,

ಒಂದು ತಿಂಗಳಾಯಿತು, ನಿಮ್ಮ ಉತ್ತರ ಇಲ್ಲ. ನನ್ನ ಮೇಲೆ ಸಿಟ್ಟೇ? ಗಂಟು ಕಳಿಸಲಿಲ್ಲ ಎಂದೇ? ಇದರ ಜೊತೆಯ ಹಾಳೆಯಲ್ಲಿ ಮೂರು ಗಂಟು ಮತ್ತು ಒಂದು ಹೊಲಿಗೆ ಬರೆದಿದ್ದೇನೆ. ಚಿಮಟ ಎರಡು ಸಲ ಕೇಳಿದ್ದೇನೆ.

ಉತ್ತರ ಬರದಿದ್ದರೆ ಮುಂದಿನ ಭಾನುವಾರದ ನಂತರ ಬಸ್ಸು ಹತ್ತಿ ಬಂದುಬಿಡುತ್ತೇನೆ.

ಪ್ರಣಾಲಿ


ಭಾಲ್ಕಿ
೧ ಡಿಸೆಂಬರ್ ೨೦೨೪

ಮಗಳೇ,

ಸಿಟ್ಟಲ್ಲ, ನಾಚಿಕೆ. ನಿನ್ನ ಕಾಗದ ಓದಿಸಿಕೊಂಡ ಮೇಲೆ ನನಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ನೀನು ನಿನ್ನ ಲೆಕ್ಕ ಒಪ್ಪಿಸಿದೆ. ನನ್ನದು ಹಾಗೇ ಇತ್ತು.

ನನ್ನ ಕನ್ನಡಕ ಒಡೆದಿಲ್ಲ. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕೈಯಿಂದ ಚಹಾದ ಕಪ್ಪು ಜಾರಿತು. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ನಾಲಿಗೆಯೂ ಅರ್ಧ ಹೋಯಿತು. ಫೋನ್ ಎತ್ತದಿರುವುದು ಅದಕ್ಕೆ. ಒಂದು ಕಾಗದ ಹೇಳಿ ಬರೆಸಲು ಮೂರು ದಿನ ಬೇಕು, ಸುಜಿ ಒಬ್ಬಳಿಗೇ ನನ್ನ ಮಾತು ತಿಳಿಯುತ್ತದೆ. ನಿನ್ನ ನೆನಪಿನಲ್ಲಿ ನಾನು ಗಟ್ಟಿಮುಟ್ಟಾದ ಹೆಂಗಸಾಗಿದ್ದೆ. ಹಾಗೇ ಇರೋಣ ಎಂದು ಆಸೆಯಾಯಿತು. ನಾನೂ ಏಳು ಎಂದೇ ಬರೆದೆ.

ಕಸರತ್ತು ಮಾಡಿಸಲು ಬರುವ ಹುಡುಗಿ, “ಅಜ್ಜಿ, ದಿನಾ ಇಪ್ಪತ್ತು ನಿಮಿಷ ಕೈ ಎತ್ತಿದಂಗ ಮನಸ್ಸಿನ್ಯಾಗ ಅಂದ್ಕೋರಿ. ಮೆದುಳು ಹಾದಿ ಮರೀಬಾರ್ದು” ಎಂದು ಹೇಳಿದ್ದಳು. ಅಂದುಕೊಂಡೆ. ಆಗಲೇ ಇಲ್ಲ. ಖಾಲಿ ಕೈ ಎತ್ತುವುದು ನನಗೆ ಗೊತ್ತೇ ಇಲ್ಲ ಮಗಳೇ. ಮೂವತ್ತನಾಲ್ಕು ವರ್ಷ ಈ ಕೈ ಯಾರಾದರೂ ಕೇಳಿದ ಮೇಲೆಯೇ ಎದ್ದಿದೆ. ಕೇಳುವವರು ಇಲ್ಲದೆ ಅದು ಯಾಕೆ ಏಳಬೇಕು? ಆಗ ನಿನ್ನ ಕಾಗದ ಬಂತು.

ನಿನಗೆ ಕಲಿಸುವುದಕ್ಕೆ ಆಪರೇಷನ್ ಬರೆ ಎಂದೆ, ಅದು ಅರ್ಧ ಸತ್ಯ. ನನಗೆ ಒಂದು ಆಪರೇಷನ್ ಬೇಕಾಗಿತ್ತು. ನೀನು ದಾರ ಕೇಳದಿದ್ದಾಗ ಬೈದೆನಲ್ಲ, ಆ ದಿನ ನಾನು ಹಾಸಿಗೆಯಲ್ಲಿ ಸತ್ತ ಕೈಯನ್ನು ಪಕ್ಕಕ್ಕಿಟ್ಟುಕೊಂಡು, ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದಿದ್ದೆ. ನೀನು ಕೇಳದೆಯೇ ಹೊಟ್ಟೆ ಮುಚ್ಚಿಬಿಟ್ಟೆ. ಸೆಪ್ಟೆಂಬರಿನಲ್ಲಿ ‘ಸಿಸ್ಟರ್, ದಾರ’ ಎಂದು ಬಂತು. ಕೈ ಅಲುಗಲಿಲ್ಲ, ಆದರೆ ಭುಜದಿಂದ ಮೊಣಕೈಯ ತನಕ ಏನೋ ಇಳಿದು ಬಂದಂತಾಯಿತು. ಅವತ್ತು ಅತ್ತೆ.

ಈಗ ಎಣಿಕೆ ಸರಿಯಾಯಿತು. ಕ್ರಿಸ್ಮಸ್ಸಿಗೆ ಬಾ.

ಹೆಲೆನ
(ಸುಜಿಯ ಕೈಬರಹ)


ಬೀದರ
೧೯ ಜನವರಿ ೨೦೨೫

ಪ್ರೀತಿಯ ಸಿಸ್ಟರ್,

ಕ್ರಿಸ್ಮಸ್ಸಿನ ದಿನ ನೀವು ಎಡಗೈಯಿಂದ ಕೊಟ್ಟ ಕೇಕಿನ ರುಚಿ ಇನ್ನೂ ಬಾಯಲ್ಲಿದೆ. ಅವತ್ತು ನಾನು ನಿಮ್ಮ ಬಲಗೈ ಹಿಡಿದು ಕೂತು ಏನೂ ಮಾತಾಡದೆ ಎದ್ದು ಬಂದೆ. ಹೇಳಬೇಕಾದದ್ದು ಈಗ ಹೇಳುತ್ತೇನೆ.

ಗುರುವಾರ ರಶೀದ ಸರ್ ಹೊರಗಿನಿಂದ ಬಂದು, “ಕೈ ತೊಳ್ಕೊ, ಈ ಕೇಸ್ ನಿಂದು” ಎಂದರು. ಅಷ್ಟೇ.

ರೋಗಿಯ ಹೆಸರು ಬಿಸ್ಮಿಲ್ಲಾಬೀ, ಮನ್ನಳ್ಳಿಯವರು, ನಲವತ್ತೆರಡು ವರ್ಷ. ಹೆಸರು ಬರೆಯಲೇ ಎಂದು ಆಮೇಲೆ ಅವರನ್ನೇ ಕೇಳಿದೆ. “ಬರೀರಿ, ಆ ಅಮ್ಮಗ ನನ್ನ ಸಲಾಂ ಹೇಳ್ರಿ” ಎಂದರು. ಟೇಬಲ್ಲಿನ ಮೇಲೆ ಮಲಗಿದಾಗ ನನ್ನ ಮುಖ ನೋಡಿ, “ನೀವೇ ಮಾಡ್ತೀರೇನ್ರಿ?” ಎಂದು ಕೇಳಿದ್ದರು. “ನಾನೇ ಮಾಡ್ತೇನಿ” ಎಂದೆ. ಥಿಯೇಟರಿನಲ್ಲಿ ನಿಜವಾಗಿ ನಿಂತವರು ಬೇರೆ ಸಿಸ್ಟರ್. ಈ ಕಾಗದದಲ್ಲಿ ನೀವು. ಸುಜಿ, ಪ್ರತಿಸಲ ನಾನು ಕೇಳಿದಾಗ ಸ್ವಲ್ಪ ನಿಲ್ಲಿಸಿ ಓದು.

ಸಿಸ್ಟರ್, ನೈಫ್.

ಎಡಗೈ ಚರ್ಮವನ್ನು ಹರಡಿ ಹಿಡಿದಿದೆ. ಬಲಗೈ ಒಂದೇ ಸಲ ಎಳೆಯುತ್ತದೆ, ಗಟ್ಟಿಯಾಗಿ ಅಲ್ಲ.

ಸಿಸ್ಟರ್, ಆರ್ಟರಿ.

ಸ್ನಾಯುವಿನ ಎಳೆಗಳ ನಡುವೆ ಚಿಮಟದ ತುದಿ ಇಳಿಸಿ ಅಗಲಿಸುತ್ತೇನೆ. ತಾವಾಗಿ ದಾರಿ ಬಿಡುತ್ತವೆ. ನಾಗಸೇನ ಎದುರಿನಿಂದ ಗಾಯ ತೆರೆದಿಡುವ ಕೊಕ್ಕೆ ಹಿಡಿದಿದ್ದಾನೆ.

ಸಿಸ್ಟರ್, ಇನ್ನೆರಡು ಆರ್ಟರಿ. ಕತ್ತರಿ.

ಒಳಪೊರೆ ತೆರೆಯಿತು. ಅಪೆಂಡಿಕ್ಸ್ ಕಾಣಲಿಲ್ಲ. ಕರುಳು ಸರಿಸಿದೆ, ಕಾಣಲಿಲ್ಲ. ನಾಗಸೇನ ಬಗ್ಗಿ ನೋಡಿದ, ರಶೀದ ಸರ್ ಹಿಂದಿನಿಂದ ಕತ್ತು ಚಾಚಿದರು, ಯಾರಿಗೂ ಕಾಣಲಿಲ್ಲ. ಗಾಯ ದೊಡ್ಡದು ಮಾಡಲೇ ಎಂದು ಒಂದು ಕ್ಷಣ ಹೆದರಿದೆ. ಆಮೇಲೆ ತೋರುಬೆರಳನ್ನು ಕರುಳಿನ ಹಿಂದಕ್ಕೆ ಇಳಿಸಿದೆ. ಕಣ್ಣು ಮುಚ್ಚಿಕೊಂಡೆ. ನನಗೆ ಅದು ಅಭ್ಯಾಸವಾಗಿದೆ. ಮೆತ್ತಗಿನದೆಲ್ಲ ಸರಿಯಿತು, ಒಂದು ಕಡೆ ಹಸಿ ದಂಟಿನಂಥ ಗಟ್ಟಿಯಾದದ್ದೊಂದು ಬೆರಳಿಗೆ ಸಿಕ್ಕಿತು. ಹಿಂದೆ ಮಡಿಚಿಕೊಂಡು ಕೂತಿತ್ತು. “ಸಿಕ್ತರಿ ಸರ್” ಎಂದೆ. ಬೆರಳಿಂದ ಸವರಿ ಸವರಿ ಈಚೆ ತಂದೆ.

ಸಿಸ್ಟರ್, ದಾರ.

ರಕ್ತನಾಳ ಕಟ್ಟಿದೆ. ‘ಸಾಕು’ ಎಂಬ ಜಾಗದಲ್ಲಿ ನಿಲ್ಲಿಸಿದೆ.

ಸಿಸ್ಟರ್, ಇನ್ನೊಂದು ದಾರ.

ಬು‍ಡ ಕಟ್ಟಿದೆ. ಕತ್ತರಿ ಕೇಳಿದೆ, ಕೊಟ್ಟಿರಿ. ಮುಚ್ಚುವ ಮೊದಲು ಕೈ ನಿಲ್ಲಿಸಿ ಕೇಳಿದೆ: ಸಿಸ್ಟರ್, ಎಣಿಕೆ? ಐದು ಕೊಟ್ಟಿದ್ದು, ಐದು ಬಂದಿದೆ ಎಂದು ಉತ್ತರ ಬಂತು. ಆಗ ಸೂಜಿ ಕೇಳಿದೆ.

ಬಿಸ್ಮಿಲ್ಲಾಬೀ ನಾಳೆ ಮನೆಗೆ ಹೋಗುತ್ತಾರೆ. ರಶೀದ ಸರ್ ಹೊಗಳಲಿಲ್ಲ. ಗ್ಲೌಸ್ ಕಳಚುತ್ತ, “ಹೊಸ ಫಾರ್ಮ್ ಬರ್ದೇನಿ. ಮೊದಲ ನೀ ತುಂಬಿ ಕೊಡು” ಎಂದರು. ತುಂಬಿದೆ. ‘ಎಷ್ಟು ಸ್ಪಷ್ಟವಾಗಿ ಕಂಡಿತು?’ ಎಂಬಲ್ಲಿ ಒಂದು ಎಂದು ಬರೆದೆ.

ನಿಮ್ಮ
ಪ್ರಣಾಲಿ


ಭಾಲ್ಕಿ
೨ ಫೆಬ್ರವರಿ ೨೦೨೫

ಮಗಳು ಪ್ರಣಾಲಿಗೆ,

ಈ ಸಲ ತಿದ್ದುವುದು ಏನೂ ಇಲ್ಲ. ಹುಡುಕಿದೆ, ಸಿಗಲಿಲ್ಲ.

(ಪ್ರಣಾಲಿ ಅಕ್ಕ, ಇಲ್ಲಿ ನಾನು ಸುಜಿ ಸ್ವಲ್ಪ ಬರೆಯುತ್ತೇನೆ, ಅಜ್ಜಿ ಬೇಡ ಅನ್ನುತ್ತಿದ್ದಾರೆ. ನೀವು ಹೇಳಿದಂತೆ ನಿಲ್ಲಿಸಿ ನಿಲ್ಲಿಸಿ ಓದಿದೆ. ಮೊದಲ ದಿನ ಏನೂ ಆಗಲಿಲ್ಲ. ದಿನಾ ಓದಿಸಿಕೊಂಡರು. ಒಂಬತ್ತನೆಯ ದಿನ ‘ಸಿಸ್ಟರ್, ಇನ್ನೊಂದು ದಾರ’ ಎಂದು ಓದಿ ತಲೆಯೆತ್ತಿದರೆ, ಅಜ್ಜಿಯ ಬಲಗೈಯ ಹೆಬ್ಬೆರಳು ತೋರುಬೆರಳಿನ ಹತ್ತಿರ ಬಂದು ಮುಟ್ಟಿತ್ತು. ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಓಡಿ ಬಂದರು. ಅಜ್ಜಿ ಮಾತ್ರ, “ಸುಮ್ಮ ಇರ, ಆಪರೇಷನ್ ನಡದದ” ಎಂದರು.)

ಹುಡುಗಿ ಬರೆದದ್ದು ನಿಜ. ಎರಡೇ ಬೆರಳು, ಅದೂ ದಿನಕ್ಕೆ ಒಂದೋ ಎರಡೋ ಸಲ. ಕಪ್ಪು ಹಿಡಿಯುವುದಕ್ಕೆ ಇನ್ನೂ ಬಹಳ ದೂರ ಇದೆ, ಅಲ್ಲಿಯ ತನಕ ಹೋಗದೆಯೂ ಇರಬಹುದು. ನನಗೆ ಅದರ ದುಃಖ ಇಲ್ಲ. ಬಿಸ್ಮಿಲ್ಲಾಬೀಗೆ ನನ್ನ ಸಲಾಂ.

ನಿನ್ನ ಮುಂದಿನ ಕೇಸ್ ಯಾವಾಗ? ಅದನ್ನೂ ಬರೆ.

ಕೆಳಗಿನ ಹೆಸರು ಸುಜಿ ಬರೆದದ್ದಲ್ಲ. ಅವಳು ಪೆನ್ನು ಬೆರಳಿಗೆ ಇಟ್ಟಳು, ಕಾಗದ ಒತ್ತಿ ಹಿಡಿದಳು. ಉಳಿದದ್ದು ನಾನು ಬರೆದೆ. ಸೊಟ್ಟಗಿದೆ, ಬೈಯಬೇಡ.

ಹೆಲೆನ